ಮೊಸರು ಬಡಿಸುವ ಹೊತ್ತು

ನಮ್ಮ ಮಾವನವರು ಹೊಟ್ಟೆ ಕೆಡಿಸಿಕೊಂಡದ್ದು ಬೆಳಗೊಳದ ನೆಂಟರ ಮನೆಯ ಗೃಹಪ್ರವೇಶದಲ್ಲಿ. ಯಾರೂ ಬಲವಂತ ಮಾಡಿರಲಿಲ್ಲ. ಹೋಳಿಗೆಯ ಮೇಲೆ ಮಾವಿನಹಣ್ಣಿನ ಸೀಕರಣೆಯನ್ನು ತಾವೇ ಕೇಳಿ ಕೇಳಿ ಹಾಕಿಸಿಕೊಂಡರಂತೆ. ಉಂಡವರು ಅವರು, ಅನುಭವಿಸಿದವಳು ನಾನು. ಗಾಡಿಯಿಂದ ಇಳಿದವರು ಮನೆಯೊಳಗೆ ಬರದೆ ನೇರವಾಗಿ ಹಿತ್ತಿಲಿಗೆ ಹೋದರು. ಆಮೇಲೆ ಅವರ ಓಡಾಟವೆಲ್ಲ ಹಿತ್ತಿಲಿಗೂ ಹಾಸಿಗೆಗೂ ನಡುವೆಯೇ. ನೀರು ಸೇದುವುದು, ಚೊಂಬು ತುಂಬಿಡುವುದು, ಪಂಚೆ ಒಗೆಯುವುದು, ಅದು ಒಣಗುವ ಮೊದಲೇ ಇನ್ನೊಂದನ್ನು ನೆನೆಹಾಕುವುದು. ಮಧ್ಯೆ ಮಕ್ಕಳಿಬ್ಬರ ಜಗಳ ಬಿಡಿಸುವುದು. ಕೂತರೆ ಏಳಲಾಗದಷ್ಟು ದಣಿದಿದ್ದೆ, ಅದಕ್ಕೇ ಕೂರುತ್ತಿರಲಿಲ್ಲ.

ಅದು ಯುದ್ಧದ ಕಾಲ. ಚನ್ನರಾಯಪಟ್ಟಣದ ಪೇಟೆಯಲ್ಲಿ ನಮ್ಮದು ಹಿತ್ತಾಳೆ ಪಾತ್ರೆಯ ಅಂಗಡಿ. ಹಿತ್ತಾಳೆಯೆಲ್ಲ ಯುದ್ಧಕ್ಕೆ ಹೋಗಿ ಅಂಗಡಿಯಲ್ಲಿ ಮಾರುವುದಕ್ಕಿಂತ ಒರೆಸಿಡುವ ಕೆಲಸವೇ ಹೆಚ್ಚಾಗಿತ್ತು. ನನ್ನ ಗಂಡ ಭುಜಬಲಿ ಹಾಸನ, ಅರಕಲಗೂಡು ಎಂದು ಹಳೆಯ ಪಾತ್ರೆ ಹುಡುಕಿಕೊಂಡು ತಿರುಗುತ್ತಿದ್ದರು. ಮನೆಯಲ್ಲಿ ಉಳಿದವರು ಹಾಸಿಗೆ ಹಿಡಿದ ಮಾವ ಪಾರ್ಶ್ವನಾಥಯ್ಯ, ಅತ್ತೆ ಜಿನಮ್ಮ, ಮಕ್ಕಳು ಮತ್ತು ನಾನು.

ಮಾವನವರನ್ನು ಊರಿನ ನಮ್ಮ ಜನವೆಲ್ಲ ಗೌರವಿಸುತ್ತಿದ್ದದ್ದು ಒಂದು ವಿಷಯಕ್ಕೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಬಾಯಿಗೆ ಅನ್ನ ಹೋಗುವುದಿಲ್ಲ. ಆ ಹೊತ್ತನ್ನು ನೋಡಿ ಹೇಳುವುದು ನಮ್ಮ ಮನೆಯಲ್ಲಿ ಮಾವನವರ ಕೆಲಸ. ಗೋಡೆ ಗಡಿಯಾರವನ್ನು ಅವರು ನಂಬುತ್ತಿರಲಿಲ್ಲ. ಊಟ ಮುಗಿಸಿ, ಜಗಲಿಗೆ ಹೋಗಿ, ಪಡುವಲ ಕಡೆ ನೋಡುತ್ತ ಕೂತು, "ಇನ್ನು ಸಾಕು" ಎನ್ನುತ್ತಿದ್ದರು. ಅಕ್ಕಪಕ್ಕದ ಮನೆಯವರೂ ಆ ಮಾತು ಕೇಳಿ ಕೈ ತೊಳೆಯುತ್ತಿದ್ದರು. ಗಂಡಸರು ಉಂಡೆದ್ದ ಮೇಲೆ ಕೂತ ಅತ್ತೆ ಮತ್ತು ನಾನು ಎಷ್ಟೋ ಸಂಜೆ ಅರ್ಧ ಊಟಕ್ಕೇ ಎದ್ದಿದ್ದೇವೆ. ಅದು ಅವರಿಗೆ ಗೊತ್ತಿರಲಿಲ್ಲ. ಹೆಂಗಸರ ಊಟವನ್ನು ಗಂಡಸರು ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಗೌರೀಶಂಕರ ಪಂಡಿತರು ಬಂದು ನಾಡಿ ನೋಡಿ ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟರು. ಭೇದಿ ನಿಂತಿತು, ಆದರೆ ಮಾವನವರಲ್ಲಿ ಏನೂ ಉಳಿದಿರಲಿಲ್ಲ. ಕೆನ್ನೆ ಗುಳಿಬಿದ್ದು, ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದರು. ಇನ್ನು ಸ್ವಲ್ಪ ದಿನ ಮೆತ್ತಗೆ ಬೆಂದ ಅನ್ನಕ್ಕೆ ಹುಳಿಯಿಲ್ಲದ ಮೊಸರು ಕಲಸಿ ಕೊಡಿ, ಬೇರೇನೂ ಈ ಹೊಟ್ಟೆಗೆ ದಕ್ಕುವುದಿಲ್ಲ, ಅದನ್ನೂ ಬಿಟ್ಟರೆ ಮನುಷ್ಯ ಮೇಲಕ್ಕೇಳುವುದಿಲ್ಲ ಎಂದು ಪಂಡಿತರು ಹೇಳಿದರು. ಗೋಡೆಯಾಸರೆ ಇಲ್ಲದೆ ನಡೆಯಲಾರದವರಿಗೆ ಅನುಕೂಲವೆಂದು ಅವರ ಮಂಚವನ್ನು ಪಡಸಾಲೆಯಿಂದ ಎತ್ತಿ ಅಡಿಗೆಮನೆಯ ಬಾಗಿಲ ಪಕ್ಕಕ್ಕೆ ಹಾಕಿದೆವು. ಆ ಜಾಗ ಬದಲಾಗದಿದ್ದರೆ ಈ ಕಥೆಯೇ ಇಲ್ಲ.

ಮೊಸರು ಹೆಪ್ಪು ಹಾಕುವ ಕೆಲಸ ಅತ್ತೆಯದು. ಹಾಲು ಕರೆದ ಕೂಡಲೇ ಕಾಯಿಸಬೇಕು, ಇವತ್ತಿನ ಮೊಸರು ಇವತ್ತಿಗೇ ಮುಗಿಯಬೇಕು, ನಮ್ಮ ಧರ್ಮದಲ್ಲಿ ಮೊಸರಿಗೆ ಬೇಳೆಕಾಳು ಸೇರಬಾರದಾದ್ದರಿಂದ ಒಗ್ಗರಣೆಗೆ ಸಾಸಿವೆ ಮಾತ್ರ. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಅವರ ಕೈಯ ಮೊಸರು ಸೌಟಿಗೆ ಗಟ್ಟಿಯಾಗಿ ಬರುತ್ತಿತ್ತು. ಅದನ್ನು ಅನ್ನಕ್ಕೆ ಹಾಕಿ ಬೆರಳಲ್ಲಿ ಹಿಸುಕಿ ಕಲಸಿ, ಉಪ್ಪು ಸರಿಯಾಗಿದೆಯೇ ಎಂದು ನನ್ನ ನಾಲಿಗೆಗೆ ಮುಟ್ಟಿಸಿ, ಆಮೇಲೆ ಗಂಡನ ಮುಂದೆ ಇಡುತ್ತಿದ್ದರು. ತಮ್ಮ ನಾಲಿಗೆಗೆ ಮಾತ್ರ ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ಮಂಚ ಸರಿಸಿದ ಮಾರನೆಯ ದಿನ ಮಾವನವರು ಮೊಸರನ್ನ ತಿಂದು ಒರಗಿಕೊಂಡಿದ್ದರು. ನಾವಿಬ್ಬರೂ ಊಟಕ್ಕೆ ಕೂತೆವು. ಅತ್ತೆ ಸಾರನ್ನ ಉಂಡು, ಉಳಿದ ಒಂದು ಹಿಡಿ ಅನ್ನಕ್ಕೆ ಚೊಂಬಿನಿಂದ ನೀರು ಸುರಿದು, ಉಪ್ಪು ಹಾಕಿ, ಕಲಸಿಕೊಂಡು ತಿಂದರು. ಮದುವೆಯಾಗಿ ಐವತ್ತು ಮಳೆಗಾಲ ಹತ್ತಿರ ಬಂದಿದ್ದ ಮನುಷ್ಯ ಹೆಂಡತಿ ಉಣ್ಣುವುದನ್ನು ಆವತ್ತು ಮೊದಲ ಸಲ ನೋಡಿದ್ದು ಎಂದು ಕಾಣುತ್ತದೆ.

ಮೊಸರು ಯಾಕೆ ಹಾಕಿಸಿಕೊಳ್ಳಲಿಲ್ಲ ಎಂದು ಅಲ್ಲಿಂದಲೇ ಕೇಳಿದರು. ಅತ್ತೆ ತಮಗೆ ಬೇಡವೆಂದು ಹೇಳಿ ಎದ್ದು ಕೈ ತೊಳೆಯಲು ಹೋದರು. ಆಗ ಮಾವನವರು ನನ್ನ ಕಡೆ ತಿರುಗಿ, ಇವಳು ಮೊಸರು ತಿನ್ನುವುದಿಲ್ಲವೇ ಎಂದರು.

"ಇಲ್ಲ ಮಾವ. ನಾನು ಈ ಮನೆಗೆ ಬಂದಾಗಿಂದ ತಿಂದಿದ್ದು ನೋಡಿಲ್ಲ" ಎಂದೆ.

ನಾನು ಆ ಮನೆಗೆ ಬಂದು ದೊಡ್ಡ ಮಗಳು ಶಾಲೆಗೆ ಹೋಗುವಷ್ಟು ಕಾಲವಾಗಿತ್ತು. ನಮ್ಮಲ್ಲಿ ಹಾಲನ್ನೋ ತುಪ್ಪವನ್ನೋ ಬೆಲ್ಲವನ್ನೋ ಬಸದಿಯಲ್ಲಿ ಸಂಕಲ್ಪ ಮಾಡಿ ಬಿಟ್ಟುಬಿಡುವವರು ಬಹಳ ಜನ. ಅತ್ತೆಯದೂ ಅಂಥದೇ ವ್ರತ, ಅದರ ಪುಣ್ಯ ಅವರಿಗೆ ಎಂದುಕೊಂಡು ನಾನು ಕೆದಕಿರಲಿಲ್ಲ. ಮಾವನವರು ಕೆದಕಿದರು. ಕಾಯಿಲೆ ಮನುಷ್ಯನಿಗೆ ಬೇರೆ ಕೆಲಸವಿರಲಿಲ್ಲ. ಸಂಜೆಯವರೆಗೂ ಕೇಳಿದ್ದನ್ನೇ ಕೇಳಿದರು. ಕೊನೆಗೆ ಅತ್ತೆ ಒಲೆಯ ಮುಂದೆ ಕೂತೇ, ತಿರುಗಿ ನೋಡದೆ ಹೇಳಿದರು:

"ಅಳಿಯಂದಿರು ಮೊಸರನ್ನ ಉಣ್ದೆ ಎದ್ದೋದ್ರಲ್ಲ ಈ ಮನೆಯಿಂದ. ಅವರು ಮಗಳ ಜೊತೆ ಬಂದು, ಕುಂತು, ಮೊಸರನ್ನ ಉಂಡು ಏಳೋಗಂಟ ನಂಗೂ ಬ್ಯಾಡ ಅಂತ ಬಸದೀಲಿ ಅಂದ್ಕೊಂಡೆ. ಅಷ್ಟೇ ಕಣ್ರೀ."

ಮಾವನವರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ಕೈಯಲ್ಲಿದ್ದ ಸೌಟು ಕೆಳಗಿಡಲೂ ತೋಚಲಿಲ್ಲ. ಯಾಕೆಂದರೆ ಅಳಿಯಂದಿರು ಎದ್ದುಹೋದ ದಿನ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನನ್ನು ಮನೆ ತುಂಬಿಸಿಕೊಂಡ ದಿನ.

ಆವತ್ತು ನಾನು ಹೊಸ ಸೀರೆಯಲ್ಲಿ ಬೆವರುತ್ತ ಪಡಸಾಲೆಯಲ್ಲಿ ಕೂತಿದ್ದೆ. ಹೊಳೆನರಸೀಪುರದಿಂದ ಬರಬೇಕಾಗಿದ್ದ ನಾದಿನಿ ಮರುದೇವಿ ಮತ್ತು ಅವಳ ಗಂಡ ಧರಣೇಂದ್ರಯ್ಯನವರ ಗಾಡಿಯ ಗಾಲಿ ದಾರಿಯಲ್ಲಿ ಮುರಿದು, ಅವರು ಬಂದು ಮುಟ್ಟುವಾಗ ಸಂಜೆಯಾಗಿತ್ತು. ಅವಸರದಲ್ಲಿ ಚಪ್ಪರದಡಿ ಎಲೆ ಹಾಕಿದರು. ಆಕಾಶದಲ್ಲಿ ಮುಂಗಾರಿನ ಮೋಡ ಕಟ್ಟಿತ್ತು. ಪಾಯಸವಾಯಿತು, ಸಾರಾಯಿತು, ಮೊಸರಿನ ಪಾತ್ರೆ ಹಿಡಿದು ಅತ್ತೆ ಬಾಗಿಲಿಗೆ ಬಂದರು. ಅಷ್ಟರಲ್ಲಿ ಜಗಲಿಯಿಂದ ಮಾವನವರ ದನಿ: "ಹೊತ್ತು ಮುಳುಗ್ತು. ಏಳಿ."

ನನ್ನ ತವರಿನವರು, ಊರ ಹಿರಿಯರು, ಎಲ್ಲರೂ ನೋಡುತ್ತಿದ್ದರು. ಮೊಸರನ್ನ ಬೀಳದ ಎಲೆ ಮುಗಿದ ಎಲೆಯಲ್ಲ. ಮನೆಯ ಅಳಿಯನನ್ನು ಅಂಥ ಎಲೆಯಿಂದ ಎಬ್ಬಿಸಬಾರದು. ಒಂದು ತುತ್ತಿಗೆ ಅವಕಾಶ ಕೊಡಿ ಎಂದು ಯಾರೋ ಅಂದರು. ಮಾವನವರು ಯಾರಿಗೂ ಬೇರೆ ಹೊತ್ತಿಲ್ಲವೆಂದು ಇನ್ನೂ ಗಟ್ಟಿಯಾಗಿ ಹೇಳಿದರು. ಧರಣೇಂದ್ರಯ್ಯನವರು ಎಲೆ ಬಿಟ್ಟರು. ಎದ್ದರು, ಕೈ ತೊಳೆದರು, ಹೆಂಡತಿಯನ್ನು ಕರೆದುಕೊಂಡು ಯಾರದೋ ಗಾಡಿ ಹತ್ತಿದರು. ಗಾಡಿ ಬೀದಿ ತಿರುವು ದಾಟುವಷ್ಟರಲ್ಲಿ ಮೋಡ ಸರಿಯಿತು. ಬಿಸಿಲು ಬಂದು ಚಪ್ಪರದ ಮಾವಿನೆಲೆಯ ಮೇಲೆಲ್ಲ ಬಿತ್ತು. ಹೊತ್ತು ಇನ್ನೂ ಮರದ ಮೇಲಿತ್ತು.

ಮಾವನವರು ಅದನ್ನು ನೋಡಿದರು. ನೋಡಿ ಒಳಗೆ ಹೋದರು. ತಪ್ಪಾಯಿತು ಎಂದು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಎಲೆ ಬಿಟ್ಟು ಎದ್ದುಹೋದವರು ತಾವಾಗಿ ಬರಲಿ ಎಂದರು. ಅವರು ಬರಲಿಲ್ಲ. ಒಂದು ಬಾಗಿಲಿಂದ ನಾನು ಒಳಗೆ ಬಂದೆ, ಅದೇ ಬಾಗಿಲಿಂದ ಮಗಳು ಹೊರಗೆ ಹೋದಳು. ಅದಕ್ಕೆ ಅತ್ತೆ ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ಸಿಡುಕಿದ್ದರೆ ಚೆನ್ನಾಗಿತ್ತು ಎಂದು ಒಲೆಯ ಮುಂದಿನ ಆ ಮಾತು ಕೇಳಿದ ಮೇಲೆ ನನಗೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಅತ್ತೆ ಎಂದಿನಂತೆ ಮೊಸರನ್ನ ಕಲಸಿ ತಂದಿಟ್ಟರು. ಮಾವನವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನೀನು ತಿನ್ನದ್ದು ನನಗೂ ಬೇಡ ಎಂದರು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಕರುವಿನ ಮುಂದಿಟ್ಟರು. ಇಬ್ಬರಿಗೂ ಹಟ ಮಾಡಲು ಬೇಕಾದಷ್ಟು ಹೊತ್ತಿತ್ತು. ಓಡಾಡಲು ಇದ್ದವಳು ನಾನೊಬ್ಬಳು.

ಗಂಜಿ ಕೊಟ್ಟೆ, ವಾಂತಿಯಾಯಿತು. ರಾಗಿ ಅಂಬಲಿ ಕೊಟ್ಟೆ, ಮತ್ತೆ ಹಿತ್ತಿಲಿಗೆ ಹೋದರು, ಬರುವಾಗ ನಾನು ತೋಳು ಹಿಡಿದು ಕರೆತರಬೇಕಾಯಿತು. ಪಂಡಿತರು ಬಂದು ನೋಡಿ, ಸಾಯುವುದಕ್ಕೆ ಇಷ್ಟು ಕಷ್ಟಪಡಬೇಕಾಗಿಲ್ಲ ಎಂದು ರೇಗಿ ಹೋದರು. ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ತಾವು ಒಂದು ಚಮಚ ತಿಂದರೆ ಅವರು ತಿನ್ನುತ್ತಾರೆಂದು ಅವರಿಗೆ ಗೊತ್ತು. ಆದರೆ ಬಸದಿಯಲ್ಲಿ ಆಡಿದ ಮಾತು. ಅದನ್ನು ಮುರಿದರೆ ಗಂಡನಿಗೇ ಕೇಡು ಎಂಬ ಭಯ ಅವರಿಗೆ. ಮೊಸರು ಮಾತ್ರ ದಿನವೂ ಹೆಪ್ಪು ಹಾಕುತ್ತಿದ್ದರು. ದಿನವೂ ಅದು ಕರುವಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಮಾವನವರ ಕಾಲಿಗೆ ಎಣ್ಣೆ ಉಜ್ಜುತ್ತಿದ್ದೆ. ಅತ್ತೆ ಬಸದಿಗೆ ಹೋಗಿದ್ದರು. ಕಣ್ಣು ಮುಚ್ಚಿಕೊಂಡೇ ಅವರು ಕೇಳಿದರು:

"ಅವತ್ತು ಮೋಡ ಸರೀತಲ್ಲಮ್ಮ. ನೀನು ಹೊತ್ತು ನೋಡಿದ್ಯಾ?"

ಹೊಸ ಸೊಸೆಯಾಗಿದ್ದಾಗ ಆಗಿದ್ದರೆ ತಲೆ ಬಗ್ಗಿಸಿ ಸುಮ್ಮನಾಗುತ್ತಿದ್ದೆ. ಆದರೆ ನಾನು ಸುಸ್ತಾಗಿದ್ದೆ. ಸುಸ್ತಾದವಳಿಗೆ ಹೆದರಿಕೆ ಎಲ್ಲಿಂದ ಬರಬೇಕು?

"ನೋಡಿದೆ ಮಾವ. ಇನ್ನೂ ಇತ್ತು" ಎಂದೆ. "ಮೊಸರು ಬಡಿಸಿ, ಉಂಡು, ತಾಂಬೂಲ ಹಾಕ್ಕೊಳ್ಳುವಷ್ಟು ಇತ್ತು."

 ಕಾಲು ಎಳೆದುಕೊಳ್ಳುತ್ತಾರೇನೋ ಎಂದುಕೊಂಡೆ, ಎಳೆದುಕೊಳ್ಳಲಿಲ್ಲ. ಆಮೇಲೆ, ಭುಜಬಲಿ ಯಾವಾಗ ಬರುತ್ತಾನೆ ಎಂದರು. ನನ್ನ ಗಂಡ ಆ ಸಂಜೆಯೇ ಬಂದರು. ಅವರನ್ನು ಮಂಚದ ಮೇಲೆ ಕೂರಿಸಿಕೊಂಡು, ನಾಳೆ ಹೊಳೆನರಸೀಪುರಕ್ಕೆ ಹೋಗು, ಅಳಿಯಂದಿರನ್ನು ಕಂಡು ಒಂದೇ ಮಾತು ಹೇಳು ಎಂದರು.

"ಅವತ್ತು ಹೊತ್ತು ಇತ್ತು ಅಂತ ಹೇಳು. ನಾನೇ ಹೇಳ್ದೆ ಅಂತ ಹೇಳು."

ಅಡಿಗೆಮನೆಯಲ್ಲಿ ಅತ್ತೆಯ ಕೈಯಿಂದ ಏನೋ ಜಾರಿ ಬಿದ್ದ ಸದ್ದಾಯಿತು. ಯಾರೂ ಹೋಗಿ ನೋಡಲಿಲ್ಲ.

ಮಾರನೆಯ ದಿನ ಹೋದ ನನ್ನ ಗಂಡ ಅದರ ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬರಬೇಕಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಏರು ಸಿಕ್ಕಿದಲ್ಲೆಲ್ಲ ನಿಲ್ಲಿಸಿ ಹಿಂದಿನ ಒಲೆ ಕೆದಕಬೇಕು, ಜನ ಇಳಿದು ತಳ್ಳಬೇಕು. ಅತ್ತೆ ಬೆಳಿಗ್ಗೆಯೇ ಅಡಿಗೆ ಮುಗಿಸಿ, ಮೊಸರಿನ ಪಾತ್ರೆಯನ್ನು ನೀರು ತುಂಬಿದ ತಾಂಬಾಳದಲ್ಲಿ ಇಟ್ಟು, ಹುಳಿ ಏರದಂತೆ ಮತ್ತೆ ಮತ್ತೆ ನೀರು ಬದಲಾಯಿಸುತ್ತಿದ್ದರು. ಮಾವನವರು ಜಗಲಿಗೆ ಹೋಗುವ ಶಕ್ತಿಯಿಲ್ಲದೆ ಪಡಸಾಲೆಯ ಕಿಟಕಿಯ ಬಳಿ ಗೋಡೆಗೊರಗಿ ಕೂತರು. ಆ ಕಿಟಕಿ ಪಡುವಲಿಗೆ. ಬಿಸಿಲು ಓರೆಯಾಯಿತು. ಅಂದೂ ಮೋಡ ಕಟ್ಟಿತು. ಬಸ್ಸಿನ ಸುದ್ದಿಯಿಲ್ಲ. ನಾನು ಅವರ ಮುಖ ನೋಡುವುದನ್ನೇ ಬಿಟ್ಟೆ.

ಬಾಗಿಲಲ್ಲಿ ಮರುದೇವಿ ಬಂದು ನಿಂತಾಗ ಒಳಗೆ ಮಬ್ಬು ಕವಿಯುತ್ತಿತ್ತು. ಮೈಯೆಲ್ಲ ಇದ್ದಿಲ ಮಸಿ, ದಾರಿಯ ಧೂಳು. ಅವಳ ಹಿಂದೆ ಧರಣೇಂದ್ರಯ್ಯನವರು, ಅವರ ಹಿಂದೆ ನನ್ನ ಗಂಡ. ಅತ್ತೆ ಮಗಳ ಕೆನ್ನೆಯ ಮಸಿಯನ್ನು ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. ಮಾವ ಅಳಿಯ ಒಬ್ಬರನ್ನೊಬ್ಬರು ನೋಡಿದರು.  ಧರಣೇಂದ್ರಯ್ಯನವರೇ ಕಿಟಕಿಯ ಕಡೆ ನೋಡಿ, ಈಗ ಅವಸರ ಬೇಡ, ಊಟದ ಹೊತ್ತು ಮೀರಿದಂತೆ ಕಾಣುತ್ತದೆ, ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾವು ಹೊರಡಲೇಬೇಕು, ನಾಳೆ ರೇಷನ್ ಅಕ್ಕಿ ಬರುತ್ತದೆ, ತಪ್ಪಿದರೆ ಸಿಗುವುದಿಲ್ಲ, ಇನ್ನೊಮ್ಮೆ ಬಂದಾಗ ಉಂಡರಾಯಿತು ಎಂದರು. ಅವರು ಕೊಂಕಾಗಿ ಹೇಳಲಿಲ್ಲ. ಆದರೆ ಇನ್ನೊಮ್ಮೆ ಎಂಬ ಮಾತು ಕೇಳಿ ಅತ್ತೆಯ ಕೈ ಮಗಳ ಕೆನ್ನೆಯ ಮೇಲೆಯೇ ನಿಂತುಹೋಯಿತು. ಮಾವನವರ ಕೊರಳ ನರ ಎದ್ದು ಕಾಣುತ್ತಿತ್ತು. ಇನ್ನೊಂದು ಬಸ್ಸಿನವರೆಗೆ ಆ ಮೈ ತಡೆಯುತ್ತದೆಂದು ನನಗೆ ಧೈರ್ಯವಿರಲಿಲ್ಲ.

"ಇಲ್ಲ, ಹೊತ್ತಿದೆ" ಎಂದರು ಮಾವನವರು. "ಎಲೆ ಹಾಕಮ್ಮ. ಇವಳಿಗೂ ಹಾಕು."

ಇವಳು ಎಂದರೆ ಅತ್ತೆ. ಗಂಡಸರ ಪಂಕ್ತಿಯಲ್ಲಿ ಅತ್ತೆಗೆ ಎಲೆ ಹಾಕುವುದೆಂದರೆ ನನಗೆ ಕೈಯೇ ಬರಲಿಲ್ಲ. ಕಾದು ಕೂತರೆ ಅವಳ ಪಾಲಿಗೆ ಹೊತ್ತು ಉಳಿಯುವುದಿಲ್ಲ, ಹಾಕು ಎಂದು ಮತ್ತೊಮ್ಮೆ ಹೇಳಿದರು. ಹಾಕಿದೆ. ಧರಣೇಂದ್ರಯ್ಯನವರು, ನನ್ನ ಗಂಡ, ಮರುದೇವಿ, ಆಚೆ ತುದಿಗೆ ಅತ್ತೆ. ಎಲ್ಲರ ಬೆನ್ನೂ ಕಿಟಕಿಗೆ. ನನ್ನ ತೋಳು ಹಿಡಿದು ಬಂದು ಎದುರು ಗೋಡೆಗೆ ಒರಗಿ ಕೂತ ಮಾವನವರಿಗೆ ತಲೆ ಎತ್ತಿದರೆ ಹೊರಗೆ ಕಾಣುತ್ತಿತ್ತು. ಬಡಿಸಲು ನಿಂತ ನನಗೂ ಕಾಣುತ್ತಿತ್ತು.

ಪಾಯಸ ಮುಟ್ಟಿಸಿದೆ, ಸಾರನ್ನ ಎರಡೇ ತುತ್ತು. ಮೊಸರಿನ ಪಾತ್ರೆ ಹಿಡಿದು ಬರುವಾಗ ಕಿಟಕಿಯಾಚೆ ಮೋಡದ ಅಂಚು ಸರಿಯಿತು. ಕೆಳಗೆ ಬಾನು ಕೆಂಪಗೆ ಬರಿದಾಗಿತ್ತು. ಹೊತ್ತು ಇರಲಿಲ್ಲ. ನಾನು ನಿಂತಲ್ಲೇ ನಿಂತೆ. ಮಾವನವರು ಕಿಟಕಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಜೀವಮಾನವೆಲ್ಲ ಹೊತ್ತು ಕಾದ ಮನುಷ್ಯ. ಮೈಯಲ್ಲಿ ಉಳಿದ ಶಕ್ತಿಯನ್ನೆಲ್ಲ ಒಟ್ಟುಮಾಡಿ, ಬಡಿಸು ಎಂದು ಕೈಯಲ್ಲಿ ಸನ್ನೆ ಮಾಡಿದರು.

ಅಳಿಯಂದಿರ ಎಲೆಗೆ ಬಡಿಸಿದೆ. ಅವರು ಕಲಸಿ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ನನ್ನ ಗಂಡನಿಗೆ, ಮರುದೇವಿಗೆ ಬಡಿಸಿದೆ. ಅತ್ತೆಯ ಎಲೆಯ ಮುಂದೆ ಬಗ್ಗಿದಾಗ ಅವರು ಕೈ ಅಡ್ಡ ಹಿಡಿದರು. ತಿರುಗಿ ಕಿಟಕಿಯ ಕಡೆ ನೋಡಲಿಲ್ಲ. ಗಂಡನನ್ನೇ ನೋಡಿ ಕೇಳಿದರು:

"ಇನ್ನೂ ಒತ್ತೈತಾ?"

"ಇದೆ. ಉಣ್ಣು" ಎಂದರು ಮಾವನವರು.

ಅತ್ತೆ ಕೈ ತೆಗೆದರು. ಸೌಟಿನ ಮೊಸರು ಅನ್ನದ ಮೇಲೆ ಗಟ್ಟಿಯಾಗಿ ಕೂತಿತು. ಅವರು ಅವಸರ ಮಾಡಲಿಲ್ಲ. ಬೆರಳಲ್ಲಿ ಹಿಸುಕಿ ಹಿಸುಕಿ, ಗಂಡನಿಗೆ ಕಲಸುತ್ತಿದ್ದಂತೆಯೇ ತಮಗೂ ಕಲಸಿಕೊಂಡರು. ಮೊದಲ ತುತ್ತು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರು. ಮೊಸರನ್ನದಲ್ಲಿ ಅಗಿಯುವುದಕ್ಕೆ ಏನಿದೆ? ಎಲೆ ಬರಿದಾದ ಮೇಲೆ ತಲೆ ಎತ್ತದೆ, ಇನ್ನೊಂದು ಚೂರು ಹಾಕಮ್ಮ ಎಂದರು. ನನಗೆ ಅಳು ಬಂತು. ಮುಖಕ್ಕೆ ಪಾತ್ರೆ ಅಡ್ಡ ಹಿಡಿದುಕೊಂಡು ಬಡಿಸಿದೆ.

ಮಾವನವರೂ ಒಂದು ತುತ್ತು ತಿನ್ನಲಿ ಎಂದು ಅಳಿಯಂದಿರು ಹೇಳಿದರು. ನನ್ನ ಹೊಟ್ಟೆಗೆ ಈ ಹೊತ್ತಿನಲ್ಲಿ ಬೇಡ, ಬೆಳಿಗ್ಗೆ ತಿನ್ನುತ್ತೇನೆ ಎಂದರು.

ಬೆಳಿಗ್ಗೆಯೂ ತಿನ್ನಲಿಲ್ಲ. ಮಗಳು ಅಳಿಯ ಬಸ್ಸು ಹತ್ತಿದ ಮೇಲೆ ಅತ್ತೆ ಮೊಸರನ್ನ ತಂದರು. ಇವತ್ತು ನನಗೆ ಉಪವಾಸ ಎಂದು ಮಾವನವರು ಹೇಳಿದರು. ಆವತ್ತು ಅಷ್ಟಮಿಯಲ್ಲ, ಚತುರ್ದಶಿಯಲ್ಲ, ನಮ್ಮವರು ಉಪವಾಸ ಮಾಡುವ ಯಾವ ದಿನವೂ ಅಲ್ಲ. ಅತ್ತೆ ತಟ್ಟೆ ಹಿಡಿದುಕೊಂಡು ನಿಂತರು. ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಈ ಮನುಷ್ಯ ಇನ್ನೊಂದು ಸುಳ್ಳು ಹೇಳಲಾರ ಎಂದು ನಾನು ಹೆದರಿದೆ. ಅವರು ಕೇಳಲಿಲ್ಲ. ತಟ್ಟೆ ಒಳಗಿಟ್ಟು ಬಂದು, ಮಂಚದ ಕಾಲ ಬಳಿ ನೆಲದ ಮೇಲೆ ಕೂತರು. ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ, ತಾವೂ ಒಂದು ಹನಿ ನೀರು ಕುಡಿಯಲಿಲ್ಲ.

ಅದರ ಮಾರನೆಯ ದಿನ ಹೊತ್ತು ಚೆನ್ನಾಗಿ ಮೇಲೆ ಬಂದ ಮೇಲೆ ಒಂದು ದೊಡ್ಡ ತಟ್ಟೆಯಲ್ಲಿ ಮೊಸರನ್ನ ಕಲಸಿದರು. ಅರ್ಧ ಗಂಡನಿಗೆ ಹಾಕಿಕೊಟ್ಟು, ಉಳಿದರ್ಧ ಇಟ್ಟುಕೊಂಡು ಅವರ ಎದುರಿಗೇ ಉಂಡರು. ಮಾವನವರು ಖಾಲಿ ಮಾಡಿದರು. ಅದು ಹೊಟ್ಟೆಯಲ್ಲಿ ನಿಂತಿತು. ಅತ್ತೆ ಕೊಟ್ಟಿಗೆಗೆ ಹೋದ ಮೇಲೆ ನಾನು ತಟ್ಟೆ ತೆಗೆಯಲು ಬಗ್ಗಿದೆ. ಮಾವನವರು ದನಿ ತಗ್ಗಿಸಿ ಕೇಳಿದರು:

"ಮೊನ್ನೆ ಸಂಜೆ ನೀನು ಹೊತ್ತು ನೋಡಿದ್ಯಾಮ್ಮ?"

"ಇಲ್ಲ ಮಾವ" ಎಂದೆ. "ನಾನು ಮೊಸರು ಬಡಿಸ್ತಿದ್ದೆ."